ನಡು ವರ್ಷದಲ್ಲಿ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಬೇಕು ಅಂತಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ತಂದೆ ತಾಯಂದಿರು ಫೋನಿನಲ್ಲಿ, ಪತ್ರದಲ್ಲಿ, ಮದುವೆ ಮನೆಯಲ್ಲಿ ಸಿಕ್ಕಾಗ ನನ್ನನ್ನು ಕೇಳುವ ಪ್ರಶ್ನೆಗಳಿವು. ಅವರು ಕೇಳಿದ ಹಾಗೇ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶಾಲೆ ಬಿಡಿಸುವುದು ಸುಲಭ, ಒಂದು ದಿನ ಕಳಿಸದಿದ್ದರೆ ಆಯಿತು. ಮಗುವಿನ ದಾಖಲೆ ಎಲ್ಲೂ ಕಡಿಯದಂತೆ, ಬೇಕಾದಾಗ ವಾಪಸ್ ಶಾಲೆಗೆ ಹೋಗಲು ದಾರಿ ಇರುವಂತೆ ಬಿಡಿಸುವುದು ಮಾತ್ರ ಯೋಚನೆ ಮಾಡಿ ಮಾಡಬೇಕಾದ ಕೆಲಸ. ಕೆಳಗಿನ ಉತ್ತರಗಳೆಲ್ಲ ಅದರ ಸುತ್ತಲೇ ಇವೆ.

ಮೊದಲು ತಿಳಿಯಬೇಕಾದದ್ದು

"ಮಗನ್ನ ಅರ್ಧ ವರ್ಷದಾಗ ಸಾಲಿ ಬಿಡಿಸಿದ್ರ ನಮ್ಮ ಮ್ಯಾಲ ಕೇಸ್ ಆಗ್ತದೇನ್ರಿ?"

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮನೆಯಲ್ಲೇ ಕಲಿಸಲು ಅನುಮತಿ ಕೊಡುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿ ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ (ಎಲ್ಲರೂ ಆರ್‌ಟಿಇ ಅನ್ನೋದು ಇದಕ್ಕೇ) 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಪೋಷಕರಿಗೆ ಇಂಥ ಶಿಕ್ಷೆ ಅಂತ ಆ ಕಾಯ್ದೆ ಎಲ್ಲೂ ಹೇಳಿಲ್ಲ. ಹಾಗಂತ "ಏನೂ ಆಗಲ್ಲ ಬಿಡಿ" ಅಂತ ನಾನು ಹೇಳುವುದಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನೇ ಕೈಗೆತ್ತಿಕೊಂಡಿತು. ಅದಾದ ಮೇಲೆ ನಮ್ಮ ರಾಜ್ಯದಲ್ಲಿ ಗೈರಾದ ಮಕ್ಕಳನ್ನು ಹುಡುಕುವ ಕೆಲಸ ಬಿಗಿಯಾಗಿದೆ. ಮಗುವಿನ ಹೆಸರು "ಶಾಲೆ ಬಿಟ್ಟವರು" ಪಟ್ಟಿಗೆ ಹೋದರೆ ಮುಖ್ಯ ಶಿಕ್ಷಕರೋ ಸಿಆರ್‌ಪಿಯೋ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರು) ಮನೆ ಬಾಗಿಲಿಗೆ ಬರುತ್ತಾರೆ. ಬರಬೇಕಾದದ್ದೇ. ನಮ್ಮ ಭಾಗದಲ್ಲಿ ಗುಳೆ ಹೋಗುವ, ಹತ್ತಿ ಬಿಡಿಸಲು ಹೋಗುವ ಮಕ್ಕಳು ಇರುವವರೆಗೆ ಆ ವಿಚಾರಣೆ ನಿಲ್ಲಬಾರದು. ಬಂದವರನ್ನು ಕೂಡಿಸಿ, ಚಹಾ ಕೊಟ್ಟು, ಮಗು ಏನು ಓದುತ್ತಿದೆ ಅಂತ ನೋಟ್‌ಬುಕ್ ತೋರಿಸಿ. ಜಗಳಕ್ಕೆ ಹೋಗಬೇಡಿ.

"ಮಗಳು ದಿನಾ ಮುಂಜಾನೆ ಅಳ್ತಾಳ, ಹೊಟ್ಟಿ ನೋವು ಅಂತಾಳ. ನಾಳಿಂದಲೇ ಬಿಡಿಸಿಬಿಡ್ಲ್ಯಾ ಅಕ್ಕಾ?"

ಎರಡು ದಿನ ಮನೆಯಲ್ಲಿ ಇಟ್ಟುಕೊಳ್ಳಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಬಿಡಿಸುವ ಮೊದಲು ಕಾರಣ ಹುಡುಕಿ. ಹೊಟ್ಟೆನೋವು ನಿಜವೇ ಇರಬಹುದು. ಶೌಚಾಲಯ ಹೊಲಸಾಗಿದೆ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯದ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಬೋರ್ಡ್ ಸರಿಯಾಗಿ ಕಾಣದ ಮಗು ಓದಿಗೇ ಹೆದರುತ್ತದೆ, ಒಂದು ಕನ್ನಡಕದಿಂದ ಸರಿಹೋಗುತ್ತದೆ. ಆಟೋದಲ್ಲಿ ಯಾರಾದರೂ ಕಾಡುತ್ತಿರಬಹುದು. ಹೊಡೆತ ಬೈಗುಳ ಇದ್ದರೆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ದೈಹಿಕ ಶಿಕ್ಷೆಯೂ ಮಾನಸಿಕ ಕಿರುಕುಳವೂ ತಪ್ಪು. ಮೊದಲು ಮುಖ್ಯ ಶಿಕ್ಷಕರಿಗೆ, ಕೇಳದಿದ್ದರೆ ಬಿಇಓ (ತಾಲೂಕಿನ ಶಿಕ್ಷಣಾಧಿಕಾರಿ) ಅವರಿಗೆ ಬರೆದು ಕೊಡಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಎಷ್ಟೋ ಸಲ ಬೇಕಾಗಿದ್ದದ್ದು ಬೇರೆ ಶಾಲೆ ಅಷ್ಟೇ, ಶಾಲೆಯೇ ಬೇಡ ಅಂತಲ್ಲ. ಇಷ್ಟೆಲ್ಲ ನೋಡಿದ ಮೇಲೂ ಮನೆಯೇ ಸರಿ ಅನ್ನಿಸಿದರೆ ಮುಂದಕ್ಕೆ ಓದಿ.

"ನಾನು ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೇ. ನನ್ನಿಂದ ಆಗುತ್ತಾ?"

ಐದನೇ ತರಗತಿವರೆಗೆ ಖಂಡಿತ ಆಗುತ್ತದೆ. ದಿನಾ ಜೊತೆಗೆ ಕೂರುವವರು, ಗಟ್ಟಿಯಾಗಿ ಓದಿ ಹೇಳುವವರು, "ನಂಗೂ ಗೊತ್ತಿಲ್ಲ, ಬಾ ನೋಡೋಣ" ಅನ್ನುವವರು ಬೇಕು. ಬಿ.ಎಡ್ ಬೇಕಿಲ್ಲ. ಏಳು, ಎಂಟನೇ ತರಗತಿ ದಾಟಿದ ಮೇಲೆ ಗಣಿತಕ್ಕೆ, ವಿಜ್ಞಾನಕ್ಕೆ ಬೇರೆಯವರ ಸಹಾಯ ಹುಡುಕಿಕೊಳ್ಳಿ. ಓಣಿಯಲ್ಲಿ ನಿವೃತ್ತ ಮಾಸ್ತರೊಬ್ಬರು ಇದ್ದೇ ಇರುತ್ತಾರೆ.

"ಹುಡುಗಿ ದೊಡ್ಡಾಕಿ ಆದಳು, ಹೈಸ್ಕೂಲ್ ದೂರ ಅದ. ಮನ್ಯಾಗೇ ಕಲಿಸ್ತೀವಿ ಅಂದ್ರ ನಡೀತದಲ್ಲ?"

ಇಲ್ಲ. ಇದಕ್ಕೆ ನಾನು ಯಾವತ್ತೂ ಹೂಂ ಅನ್ನುವುದಿಲ್ಲ. ಮನೆಯಲ್ಲಿ ಕಲಿಸುವುದು ಅಂದರೆ ಮಗುವಿನ ಓದಿಗೆ ಶಾಲೆಗಿಂತ ಜಾಸ್ತಿ ಸಮಯ, ಜಾಸ್ತಿ ಗಮನ ಕೊಡುವುದು. ಹುಡುಗಿಯನ್ನು ಅಡುಗೆಗೆ, ತಮ್ಮನನ್ನು ನೋಡಿಕೊಳ್ಳುವುದಕ್ಕೆ, ಹತ್ತಿ ಬಿಡಿಸಲು ಕಳಿಸಿ ರಾತ್ರಿ ಅರ್ಧ ತಾಸು ಪುಸ್ತಕ ಹಿಡಿಸಿದರೆ ಅದು ಕಲಿಕೆ ಅಲ್ಲ. ಶಾಲೆ ಬಿಟ್ಟ ಹುಡುಗಿಗೆ ಮನೆಯಲ್ಲಿ ಮುಂದೆ ಬರುವ ಮಾತು ಮದುವೆಯದ್ದು, ಅದು ನಿಮಗೂ ಗೊತ್ತು, ನನಗೂ ಗೊತ್ತು. 18 ತುಂಬುವ ಮೊದಲು ಮದುವೆ ಮಾಡುವುದು ಅಪರಾಧ. ದೂರದ ತೊಂದರೆಗೆ ಬೇರೆ ದಾರಿಗಳಿವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಹೆಣ್ಣುಮಕ್ಕಳು ಅಲ್ಲೇ ಉಳಿದು ಓದುವ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ, ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿವೆ. ಬಿಇಓ ಕಚೇರಿಗೆ ಹೋಗಿ ಕೇಳಿ. ಹಾಸ್ಟೆಲ್ ನೋಡಲು ಹೋಗುವಾಗ ಹುಡುಗಿಯನ್ನೂ ಕರೆದುಕೊಂಡು ಹೋಗಿ, ಅವಳೇ ನೋಡಲಿ.

ಶಾಲೆ ಬಿಡಿಸುವಾಗ

"ಟಿಸಿ ತಗೋಲೇಬೇಕಾ? ಸುಮ್ನೆ ಕಳಿಸೋದು ನಿಲ್ಲಿಸಿದ್ರೆ ಸಾಲದಾ?"

ಸಾಲದು. ಬಹಳ ಜನ ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ.

ನಮ್ಮ ರಾಜ್ಯದಲ್ಲಿ ಪ್ರತಿ ಮಗುವಿಗೂ ಸ್ಯಾಟ್ಸ್ ಅನ್ನುವ ಆನ್‌ಲೈನ್ ದಾಖಲೆಯಲ್ಲಿ ಒಂದು ನಂಬರ್ ಇರುತ್ತದೆ. ಯಾವ ಶಾಲೆ, ಯಾವ ತರಗತಿ, ಎಷ್ಟು ಹಾಜರಿ ಎಲ್ಲ ಅದರಲ್ಲಿ ಇರುತ್ತದೆ. ಟಿಸಿ ತೆಗೆದುಕೊಳ್ಳದೆ ಸುಮ್ಮನೆ ನಿಲ್ಲಿಸಿದರೆ ಮಗು ಆ ಶಾಲೆಯ ಹೆಸರಿನಲ್ಲೇ ಗೈರಾಗುತ್ತಾ ಹೋಗುತ್ತದೆ. ಎರಡು ವರ್ಷದ ಮೇಲೆ ಬೇರೆ ಶಾಲೆಗೆ ಸೇರಿಸಲು ಹೋದಾಗ ಹಳೆಯ ಶಾಲೆಯವರು ಹೆಸರು ಬಿಟ್ಟುಕೊಡಬೇಕು, ಅಲ್ಲಿಯ ಮುಖ್ಯ ಶಿಕ್ಷಕರು ಬದಲಾಗಿರುತ್ತಾರೆ, ಗುಮಾಸ್ತರಿಗೆ ನಿಮ್ಮ ನೆನಪೂ ಇರುವುದಿಲ್ಲ, ನೀವು ಬಿಸಿಲಲ್ಲಿ ಓಡಾಡುತ್ತೀರಿ.

ಮಾಡಬೇಕಾದದ್ದು ಇಷ್ಟು. ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಿರಿ: ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ನಂಬರ್, ಯಾವ ದಿನಾಂಕದಿಂದ ಬಿಡಿಸುತ್ತಿದ್ದೀರಿ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಬರೀ ಬಾಯಿಮಾತಿನಲ್ಲಿ ಹೇಳಿ ಬಂದರೆ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಕಾರಣ ಬರೆಯುವಾಗ ಸುಳ್ಳು ಬೇಡ, "ಊರು ಬಿಡುತ್ತಿದ್ದೇವೆ" ಅಂತ ಬರೆದು ಅದೇ ಓಣಿಯಲ್ಲಿ ಓಡಾಡಿದರೆ ಎಲ್ಲರಿಗೂ ಗೊತ್ತಾಗುತ್ತದೆ. "ಮನೆಯಲ್ಲಿ ಓದಿಸಿ ಮುಂದೆ ಮುಕ್ತ ಶಾಲೆಯ ಮೂಲಕ ಪರೀಕ್ಷೆ ಬರೆಸುತ್ತೇವೆ" ಅಂತ ನೇರವಾಗಿ ಬರೆಯಿರಿ.

ಟಿಸಿ ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ. ಹೆಸರಿನ ಅಕ್ಷರ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ, ಹುಟ್ಟಿದ ದಿನಾಂಕ ಜನನ ಪ್ರಮಾಣ ಪತ್ರದ ಹಾಗೇ ಇದೆಯಾ, ಜಾತಿ ಕಾಲಂ ಸರಿಯಿದೆಯಾ. ಜಾತಿ ಪ್ರಮಾಣ ಪತ್ರದಿಂದ ಹಿಡಿದು ಮುಂದಿನ ಎಷ್ಟೋ ಕೆಲಸಕ್ಕೆ ಇದನ್ನೇ ಕೇಳುತ್ತಾರೆ. ತಿದ್ದುಪಡಿ ಇದ್ದರೆ ಆ ದಿನವೇ ಹೇಳಿ. ಇದರ ಜೊತೆಗೆ ಮಗು ಅಲ್ಲಿ ಓದಿದ ಪ್ರತಿ ವರ್ಷಕ್ಕೂ ವ್ಯಾಸಂಗ ಪ್ರಮಾಣ ಪತ್ರ ಮತ್ತು ಅಂಕಪಟ್ಟಿ ಕೇಳಿ ಪಡೆಯಿರಿ. ಯಾಕೆ ಅನ್ನುವುದು ಕೆಳಗೆ ಸಿಇಟಿ (ಇಂಜಿನಿಯರಿಂಗ್‌ನಂಥ ಕೋರ್ಸಿಗೆ ರಾಜ್ಯದ ಪ್ರವೇಶ ಪರೀಕ್ಷೆ) ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

"ಟಿಸಿ ಕೊಡ್ಲಕತ್ತಿಲ್ಲ. ಪೂರಾ ವರ್ಷದ ಫೀ ಕಟ್ರಿ ಅಂತಾರ"

ನಮಗೂ ಹೀಗೇ ಆಗಿತ್ತು, ಒಂದು ಖಾಸಗಿ ಶಾಲೆಯವರು "ಆಮೇಲೆ ಬನ್ನಿ" ಅಂತ ಸತಾಯಿಸಿದರು. ಹಾಗಾಗಿ ಈ ಸಂಕಟ ನನಗೆ ಗೊತ್ತು. ಮಗು ಕಲಿತ ಅವಧಿಯ ಫೀ ಬಾಕಿ ಇದ್ದರೆ ಕಟ್ಟಿಬಿಡಿ, ರಸೀದಿ ತೆಗೆದುಕೊಳ್ಳಿ. ಮುಂದಿನ ತಿಂಗಳುಗಳ ಫೀ ಕೇಳಿದರೆ ಸೇರಿಸುವಾಗ ನೀವು ಸಹಿ ಮಾಡಿದ ಕಾಗದ ತೆಗೆದು ಓದಿ. ಆರ್‌ಟಿಇ 5ನೇ ಸೆಕ್ಷನ್‌ನಲ್ಲಿ, ಬೇರೆ ಶಾಲೆಗೆ ಹೋಗುವ ಮಗುವಿಗೆ ಮುಖ್ಯ ಶಿಕ್ಷಕರು ಕೂಡಲೇ ಟಿಸಿ ಕೊಡಬೇಕು, ತಡ ಮಾಡಿದವರ ಮೇಲೆ ಶಿಸ್ತು ಕ್ರಮ ಆಗಬಹುದು ಅಂತ ಇದೆ. ಟಿಸಿ ತಡವಾಯಿತು ಅಂತ ಇನ್ನೊಂದು ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ ಅಂತಲೂ ಇದೆ. ಸೀಲು ಬಿದ್ದ ನಿಮ್ಮ ಅರ್ಜಿಯ ಪ್ರತಿ ಹಿಡಿದು ಬಿಇಓ ಕಚೇರಿಗೆ ಹೋಗಿ. ಅಲ್ಲೂ ಆಗದಿದ್ದರೆ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರ (ಡಿಡಿಪಿಐ) ಕಚೇರಿ. ಬರವಣಿಗೆಯಲ್ಲಿ ಕೇಳಿದರೆ ಬರವಣಿಗೆಯಲ್ಲೇ ಉತ್ತರ ಕೊಡಬೇಕಾಗುತ್ತದೆ.

"ಬಿಡಿಸೋದೇ ಆದ್ರೆ ಯಾವ ತಿಂಗಳು ಒಳ್ಳೇದು?"

ಮಗುವಿಗೆ ಅಪಾಯ ಇದ್ದರೆ ಇವತ್ತೇ. ಇಲ್ಲದಿದ್ದರೆ ದಸರಾ ರಜೆಯ ಹೊತ್ತು ನೋಡಿ. ಅರ್ಧ ವರ್ಷದ ಪರೀಕ್ಷೆ ಮುಗಿದಿರುತ್ತದೆ, ಅಂಕಪಟ್ಟಿ ಸಿಗುತ್ತದೆ, ರಜೆಯಲ್ಲಿ ಮಗು ಹೇಗೂ ಮನೆಯಲ್ಲೇ ಇರುತ್ತದೆ. ಡಿಸೆಂಬರ್ ದಾಟಿದ್ದರೆ ಇನ್ನು ಮೂರು ನಾಲ್ಕು ತಿಂಗಳು ತಡೆದುಕೊಂಡು ವಾರ್ಷಿಕ ಪರೀಕ್ಷೆ ಮುಗಿಸಿಯೇ ಬಿಡಿಸಿ. ಆಗ ಒಂದು ಪೂರ್ತಿ ವರ್ಷ ಲೆಕ್ಕಕ್ಕೆ ಬರುತ್ತದೆ, ನಡುವೆ ಬಿಟ್ಟ ವರ್ಷ ಬರುವುದಿಲ್ಲ.

"ಆರ್‌ಟಿಇ ಸೀಟು ಸಿಕ್ಕದ, ತಮ್ಮಗ ಮೊರಾರ್ಜಿ ಸಾಲ್ಯಾಗ ಸೀಟು ಅದ. ಬಿಟ್ರ ಮತ್ತ ಸಿಗ್ತದೇನು?"

ಸಿಗುತ್ತದೆ ಅಂತ ನಂಬಿಕೊಂಡು ಬಿಡಬೇಡಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಸಾಮಾನ್ಯವಾಗಿ ಆರನೇ ತರಗತಿಗೆ ಪರೀಕ್ಷೆ ಬರೆದು ಹೋಗಬೇಕು. ಸರ್ಕಾರಿ ಶಾಲೆ ಬಿಟ್ಟರೂ ಬಿಸಿಯೂಟ, ಹಾಲು, ಮೊಟ್ಟೆ, ಸಮವಸ್ತ್ರ, ಶೂ, ಪುಸ್ತಕ, ಸ್ಕಾಲರ್‌ಶಿಪ್ ಎಲ್ಲ ನಿಲ್ಲುತ್ತದೆ. ಮೊಟ್ಟೆ ಕೊಡಲು ಶುರು ಮಾಡಿದ್ದೇ ನಮ್ಮ ಭಾಗದ ಜಿಲ್ಲೆಗಳಲ್ಲಿ, 2021ರ ಡಿಸೆಂಬರ್‌ನಲ್ಲಿ, ಮಕ್ಕಳಲ್ಲಿ ಅಪೌಷ್ಟಿಕತೆ ಅಷ್ಟಿದೆ ಅಂತ. ಮನೆಯಲ್ಲಿ ಅದನ್ನು ತುಂಬಿಕೊಡಲು ಆಗುತ್ತದಾ ಅಂತ ಲೆಕ್ಕ ಹಾಕಿ.

"ಹೆಸರು ಒಂದು ಸಾಲ್ಯಾಗ ಇಟ್ಟು ಮನ್ಯಾಗ ಕಲಿಸಬಹುದಲ್ಲ? ಎಷ್ಟೋ ಮಂದಿ ಮಾಡ್ತಾರ"

ಮಾಡುತ್ತಾರೆ, ಹೌದು. ನಾನು ಬೇಡ ಅನ್ನುತ್ತೇನೆ. ಬಾರದ ಮಗುವಿಗೆ ಹಾಜರಿ ಹಾಕುವುದು ಸುಳ್ಳು ದಾಖಲೆ. ನಾಳೆ ಯಾರಾದರೂ ದೂರು ಕೊಟ್ಟರೆ ಮಗುವಿನ ಪ್ರಮಾಣ ಪತ್ರಗಳ ಮೇಲೇ ಅನುಮಾನ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಪ್ಪ ಅವ್ವ ಸುಳ್ಳು ಹೇಳುವುದನ್ನು ಮಗು ದಿನಾ ನೋಡುತ್ತದೆ.

ಮನೆಯಲ್ಲಿ

"ಮೊದಲ ದಿನದಿಂದಲೇ ಟೈಂಟೇಬಲ್ ಹಾಕ್ಬೇಕಾ?"

ಬೇಡ. ನಡು ವರ್ಷದಲ್ಲಿ ಬಂದ ಮಗು ದಣಿದಿರುತ್ತದೆ, ಕೆಲವು ಸಲ ಹೆದರಿರುತ್ತದೆ. ಮೊದಲ ಕೆಲವು ವಾರ ನಿದ್ದೆ, ಆಟ, ಕಥೆ ಇಷ್ಟೇ ಸಾಕು. ದಿನಾ ಸ್ವಲ್ಪ ಹೊತ್ತು ನೀವು ಓದಿ ಹೇಳಿ. ಆಮೇಲೆ ನಿಧಾನಕ್ಕೆ ಓದು, ಬರಹ, ಲೆಕ್ಕ ಶುರು ಮಾಡಿ. ಸಣ್ಣ ಮಕ್ಕಳಿಗೆ ದಿನಕ್ಕೆ ಎರಡು ತಾಸು ಗಮನ ಕೊಟ್ಟು ಕೂತರೆ ಧಾರಾಳ ಆಯಿತು, ಯಾಕೆಂದರೆ ಅಲ್ಲಿ ನಲವತ್ತು ಮಕ್ಕಳ ಹಾಜರಿ ಕೂಗುವ ಹೊತ್ತು, ಸಾಲು ನಿಲ್ಲಿಸುವ ಹೊತ್ತು ಯಾವುದೂ ಇರುವುದಿಲ್ಲ. ನಮ್ಮಲ್ಲಿ ಮಾರ್ಚ್ ಬಂದ ಮೇಲೆ ಬಿಸಿಲು ಏರುವ ಮೊದಲೇ ಓದು ಮುಗಿಸಿ. ಏಪ್ರಿಲ್ ಮೇ ಮಧ್ಯಾಹ್ನ ತಗಡಿನ ಕೆಳಗೆ ಯಾರಿಗೂ ಲೆಕ್ಕ ತಲೆಗೆ ಹತ್ತುವುದಿಲ್ಲ.

ಹಾಂ, ಟೈಂಟೇಬಲ್ ಇಲ್ಲ ಅಂದರೆ ಮೊಬೈಲ್ ಕೈಗೆ ಕೊಟ್ಟು ಕೂಡಿಸುವುದು ಅಂತಲ್ಲ.

"ಯಾವ ಪುಸ್ತಕ ಓದಿಸೋದು? ಖರ್ಚು ಜಾಸ್ತಿ ಆಗುತ್ತಾ?"

ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಕನ್ನಡ, ಉರ್ದು, ಮರಾಠಿ, ತೆಲುಗು, ಇಂಗ್ಲಿಷ್ ಎಲ್ಲ ಮಾಧ್ಯಮದಲ್ಲೂ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮಗುವಿನ ತರಗತಿಯದ್ದೇ ಇಟ್ಟುಕೊಳ್ಳಿ, ವಾಪಸ್ ಹೋಗುವಾಗ ತೊಂದರೆ ಆಗುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಮಗುವನ್ನು ಸದಸ್ಯನನ್ನಾಗಿ ಮಾಡಿ.

ಆದರೆ ಬರೀ ಪಠ್ಯಪುಸ್ತಕವೇ ಓದಿಸುವುದಾದರೆ ಶಾಲೆ ಯಾಕೆ ಬಿಡಿಸಿದಿರಿ? ನಮ್ಮ ಮೂರು ಜಿಲ್ಲೆಗಳಲ್ಲಿ ಮಕ್ಕಳಿಗೆ ತೋರಿಸುವಂಥದ್ದು ರಾಶಿ ಇದೆ. ಬೀದರ್‌ನಲ್ಲಿ ಬಿದರಿ ಕೆಲಸ ಮಾಡುವವರ ಹತ್ತಿರ ಒಂದು ಬೆಳಿಗ್ಗೆ ಕೂರಿಸಿ. ಸತು ಜಾಸ್ತಿ, ತಾಮ್ರ ಸ್ವಲ್ಪ ಹಾಕಿ ಎರಕ ಹೊಯ್ಯುತ್ತಾರೆ, ಬೆಳ್ಳಿ ತಂತಿ ಕೂರಿಸುತ್ತಾರೆ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾಕೆ ಅಂತ ಮಗು ಕೇಳಿದ ಕ್ಷಣ ರಸಾಯನಶಾಸ್ತ್ರ ಶುರುವಾಯಿತು. ಅಲ್ಲೇ 1472ರ ಮಹಮೂದ್ ಗವಾನ್ ಮದರಸಾ ಇದೆ. ನೌಬಾದ್‌ನ ಸುರಂಗ ಬಾವಿ ನೋಡಿದರೆ ಇಳಿಜಾರು, ಅಂತರ್ಜಲ ಎರಡೂ ಕಣ್ಣಿಗೆ ಕಾಣುತ್ತವೆ. ಚಿತ್ತಾಪುರ ಕಡೆ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಸಿಕ್ಕ ಕಲ್ಲಿನ ಮೇಲೆ ಅಶೋಕನ ಚಿತ್ರ ಇದೆ, ಕೆಳಗೆ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ಇದೆ. ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಕಲಬುರಗಿ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ರಜೆ ಇಲ್ಲದ ದಿನ ಹೋದರೆ ಗದ್ದಲ ಕಡಿಮೆ, ಪ್ರತಿ ಯಂತ್ರವನ್ನೂ ಮುಟ್ಟಿ ನೋಡಬಹುದು. ತೊಗರಿ ರಾಶಿ ಮಾಡುವಾಗ ಚೀಲ, ಕ್ವಿಂಟಲ್, ರೇಟು, ಹಮಾಲಿ ಕಳೆದು ಕೈಗೆಷ್ಟು ಬಂತು ಅಂತ ಮಗುವಿನ ಕೈಲಿ ಲೆಕ್ಕ ಹಾಕಿಸಿ. ನೋಡಿ ಬಂದದ್ದನ್ನು ಅದರದೇ ಮಾತಿನಲ್ಲಿ ಬರೆಸಿ, ದಿನಾಂಕ ಹಾಕಿಸಿ, ಆ ನೋಟ್‌ಬುಕ್ ಎಸೆಯಬೇಡಿ. ವಿಚಾರಣೆಗೆ ಬಂದವರಿಗೆ ತೋರಿಸಲು, ವಾಪಸ್ ಸೇರಿಸುವಾಗ ಕೊಡಲು ಅದೇ ದಾಖಲೆ.

"ನಾವಿಬ್ಬರೂ ದುಡಿಯೋರು. ಹೆಂಗ ಮಾಡೋದು?"

ಹಗಲು ಜೊತೆಗೆ ಇರಲು ನಂಬಿಕೆಯ ದೊಡ್ಡವರು ಯಾರೂ ಇಲ್ಲ ಅಂದರೆ ಮಾಡಬೇಡಿ. ಮಗುವನ್ನು ಒಂಟಿಯಾಗಿ ಮನೆಯಲ್ಲಿ ಬಿಡುವುದಕ್ಕಿಂತ ಸಾಧಾರಣ ಶಾಲೆಯೇ ವಾಸಿ. ಆಯಿ, ಮುತ್ಯಾ, ಚಿಕ್ಕಮ್ಮ ಯಾರಾದರೂ ಇದ್ದರೆ ಓದು ಬೆಳಿಗ್ಗೆ, ರಾತ್ರಿ ನಿಮ್ಮ ಜೊತೆ ನಡೆಯಬಹುದು.

"ಮುತ್ಯಾ ಒಪ್ಪವಲ್ರು. ಮಂದಿ ಏನಂತಾರ ಅಂತಾರ"

ಮುತ್ಯಾನ ಹೆದರಿಕೆಗೆ ಕಾರಣ ಇದೆ. ಅವರ ಕಾಲದಲ್ಲಿ ಸಾಲಿ ಸಿಕ್ಕಿದ್ದೇ ದೊಡ್ಡದು, ಅದನ್ನು ಕೈಯಾರೆ ಬಿಡಿಸುವುದು ಅಂದರೆ ಅವರಿಗೆ ಸಂಕಟ. ವಾದ ಮಾಡಬೇಡಿ, ಅವರಿಗೇ ಒಂದು ಪಾಠ ಕೊಡಿ. ಪಂಚಾಂಗ ನೋಡುವುದು, ಮಳೆ ನಕ್ಷತ್ರಗಳು, ಬಿತ್ತನೆ, ವಚನ, ಉರ್ದು ಅಕ್ಷರ, ಅವರಿಗೆ ಬಂದದ್ದು. ಮಂದಿಯ ಮಾತಿಗೆ ಉತ್ತರ ಕೊಡುತ್ತಾ ಕೂರಬೇಡಿ. ಆದರೆ ಮಗುವಿಗೆ ಗೆಳೆಯರು ಬೇಕೇ ಬೇಕು. ಸಂಜೆ ಮೈದಾನ, ಕರಾಟೆ, ಸಂಗೀತ, ಓಣಿಯ ಕ್ರಿಕೆಟ್, ಏನಾದರೂ ಒಂದು ದಿನಾ ಇರಲಿ. ವಾರಗಟ್ಟಲೆ ಮನೆಯವರನ್ನು ಬಿಟ್ಟು ಯಾರ ಜೊತೆಗೂ ಮಾತಾಡದ ಮಗು ಇದ್ದರೆ ನೀವು ಮತ್ತೆ ಯೋಚಿಸಬೇಕು.

"ಮಗನಿಗೆ ತೀವ್ರ ಅಂಗವೈಕಲ್ಯ ಇದೆ, ಶಾಲೆಗೆ ಎತ್ತಿಕೊಂಡು ಹೋಗೋಕೂ ಆಗ್ತಿಲ್ಲ"

ನಿಮಗೆ ಕಾನೂನಿನ ಬೆಂಬಲ ಇದೆ. ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯಬಹುದು ಅಂತ ಆರ್‌ಟಿಇಗೆ 2012ರಲ್ಲಿ ತಿದ್ದುಪಡಿ ಆಗಿದೆ. ನೀವು ಟಿಸಿ ತೆಗೆದುಕೊಳ್ಳಬೇಡಿ. ಹೆಸರು ಶಾಲೆಯಲ್ಲೇ ಇರಲಿ, ಇಲ್ಲಿ ಅದು ಸುಳ್ಳಲ್ಲ, ಹಕ್ಕು. ಬಿಇಓ ಕಚೇರಿಯಲ್ಲಿ ಗೃಹಾಧಾರಿತ ಶಿಕ್ಷಣ ಬೇಕು ಅಂತ ಕೇಳಿ. ತಾಲೂಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವ) ಶಿಕ್ಷಕರು ಇದಕ್ಕೇ ಇರುವವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 40 ಶೇಕಡಾ ಅಥವಾ ಜಾಸ್ತಿ ವೈಕಲ್ಯ ಇರುವ ಮಗುವಿಗೆ ಉಚಿತ ಶಿಕ್ಷಣದ ಹಕ್ಕು 18 ವರ್ಷದವರೆಗೆ ಇದೆ.

ಪರೀಕ್ಷೆ, ಕಾಲೇಜು, ಸೀಟು

"ಹತ್ತನೇದು ಹೆಂಗ ಬರೆಸೋದು? ಎನ್‌ಐಓಎಸ್ಸಾ, ಎಸ್ಸೆಸ್ಸೆಲ್ಸಿನಾ?"

ಎರಡೂ ಆಗುತ್ತದೆ. ಎನ್‌ಐಓಎಸ್ ಕೇಂದ್ರ ಸರ್ಕಾರದ ಮುಕ್ತ ಶಾಲೆ. ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಐದು ವಿಷಯ ಪಾಸಾದರೆ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು, ಕನ್ನಡವನ್ನೇ ಭಾಷೆಯಾಗಿ ತೆಗೆದುಕೊಳ್ಳಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ನೋಂದಣಿ ಐದು ವರ್ಷ ನಡೆಯುತ್ತದೆ, ಒಂದೊಂದೇ ವಿಷಯ ಬರೆದು ಮುಗಿಸಬಹುದು. ಗಣಿತಕ್ಕೆ ಹೆದರುವ ಮಗುವಿಗೆ ಇದು ದೊಡ್ಡ ಸಮಾಧಾನ. ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ, ಅರ್ಜಿ ಆನ್‌ಲೈನ್. ಮಧ್ಯವರ್ತಿಗಳು "ಪಾಸು ಗ್ಯಾರಂಟಿ" ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಲು 15 ತುಂಬಿರಬೇಕು. ಮಂಡಳಿ ಗೊತ್ತು ಮಾಡಿದ ಪ್ರೌಢಶಾಲೆಯ ಮೂಲಕ ಅರ್ಜಿ ಹಾಕಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ, ಇಲ್ಲೇ ಪಿಯುಸಿ ಮಾಡುವ ಮಗುವಿಗೆ ನಾನು ಇದನ್ನೇ ಹೇಳುತ್ತೇನೆ, ಪಾಠ ಗೊತ್ತಿರುತ್ತದೆ, ಕಾಲೇಜಿನಲ್ಲಿ ಪ್ರಶ್ನೆ ಕಡಿಮೆ. ಎನ್‌ಐಓಎಸ್‌ನಿಂದ ಪಿಯುಸಿಗೆ ಹೋಗುವವರು ಮೈಗ್ರೇಷನ್ ಸರ್ಟಿಫಿಕೇಟ್ ಮರೆಯಬೇಡಿ.

"ಮುಂದೆ ಸಿಇಟಿ ಬರೆದರೆ ಸೀಟಿಗೆ ತೊಂದರೆ ಆಗುತ್ತಾ? 371(ಜೆ) ಹೋಗಿಬಿಡುತ್ತಾ?"

ಇದನ್ನು ಹತ್ತನೇ ತರಗತಿ ಆದಮೇಲೆ ಕೇಳುತ್ತಾರೆ, ಆಗ ತಡವಾಗಿರುತ್ತದೆ. ಶಾಲೆ ಬಿಡಿಸುವ ದಿನವೇ ಲೆಕ್ಕ ಹಾಕಿ.

ಸಿಇಟಿಯಲ್ಲಿ ಕರ್ನಾಟಕದ ಸೀಟಿಗೆ ಸಾಮಾನ್ಯ ದಾರಿ ಅಂದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯತೆ ಇರುವ ಸಂಸ್ಥೆಯಲ್ಲಿ ಓದಿರಬೇಕು. ಮನೆಯಲ್ಲಿ ಓದಿದ ವರ್ಷ ಇದರಲ್ಲಿ ಬರುವುದಿಲ್ಲ. ಮಗು ಐದನೇ ತರಗತಿ ಪೂರ್ತಿ ಮುಗಿಸಿ ಬಿಟ್ಟು, ಪಿಯುಸಿ ಎರಡು ವರ್ಷ ಇಲ್ಲಿಯ ಕಾಲೇಜಿನಲ್ಲಿ ಓದಿದರೆ ಐದು ಮತ್ತು ಎರಡು, ಏಳಾಯಿತು. ಐದನೆಯದನ್ನು ನಡುವೆ ಬಿಟ್ಟರೆ ಆರೇ ಆಗುತ್ತದೆ. ತಂದೆಯೋ ತಾಯಿಯೋ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ ಬೇರೆ ಕಲಂ ಇದೆ, ಹಾಗಾಗಿ ನಿಮ್ಮ ಹಳೆಯ ಅಂಕಪಟ್ಟಿಗಳನ್ನೂ ತೆಗೆದಿಡಿ.

ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಮಾತ್ರ ಖಂಡಿತ ಕೈತಪ್ಪುತ್ತವೆ. ಹಳ್ಳಿಯ ಮಕ್ಕಳಿಗೆ 15 ಶೇಕಡಾ, ಕನ್ನಡ ಮಾಧ್ಯಮದವರಿಗೆ 5 ಶೇಕಡಾ ಇರುವ ಈ ಸೀಟುಗಳಿಗೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಶಾಲೆಯಲ್ಲೇ ಓದಿರಬೇಕು. ಜೇವರ್ಗಿ, ಔರಾದ್, ಸುರಪುರದ ಹಳ್ಳಿಯ ಮಗುವಿಗೆ ಇದು ಸಣ್ಣ ನಷ್ಟ ಅಲ್ಲ. ಬಿಡಿಸುವ ಮೊದಲು ಗಂಡ ಹೆಂಡತಿ ಕೂತು ಮಾತಾಡಿ.

371(ಜೆ), ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದಲ್ಲಿ ಇರುವ ವಿಶೇಷ ವಿಧಿ, ಅದು ಹೋಗುವುದಿಲ್ಲ. ನಮ್ಮ ಭಾಗದ ಸಂಸ್ಥೆಗಳಲ್ಲಿ 70 ಶೇಕಡಾ, ರಾಜ್ಯದ ಉಳಿದ ಕಡೆ 8 ಶೇಕಡಾ ಸೀಟು ಕೊಡುವ ಈ ಮೀಸಲಾತಿ ಇಲ್ಲಿ ಹುಟ್ಟಿದ್ದು ಅಥವಾ ಇಲ್ಲೇ ಹತ್ತು ವರ್ಷ ನೆಲೆಸಿದ್ದರ ಮೇಲೆ ನಿಂತಿದೆ. ಆದರೆ ವಾಸಕ್ಕೆ ಪುರಾವೆಯಾಗಿ ಶಾಲೆಯ ದಾಖಲೆ ತೋರಿಸುವುದು ರೂಢಿ, ನಿಮಗೆ ಅದು ಕಡಿಮೆ ಇರುತ್ತದೆ. ಜನನ ಪ್ರಮಾಣ ಪತ್ರ, ರೇಷನ್ ಕಾರ್ಡ್, ಪಹಣಿ, ಮನೆ ತೆರಿಗೆ ರಸೀದಿ ಜೋಡಿಸಿಡಿ.

"ಮನ್ಯಾಗ ಆಗ್ಲಿಲ್ಲ ಅಂದ್ರ ವಾಪಸ್ ಸಾಲಿಗಿ ತಗೋತಾರೇನ್ರಿ?"

ತೆಗೆದುಕೊಳ್ಳುತ್ತಾರೆ. 14 ವರ್ಷದವರೆಗೆ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು ಅಂತ ಆರ್‌ಟಿಇ 4ನೇ ಸೆಕ್ಷನ್ ಹೇಳುತ್ತದೆ. ವರ್ಷದ ನಡುವೆ ಹೋದರೂ ಇಲ್ಲ ಅನ್ನುವಂತಿಲ್ಲ. ಹತ್ತಿರದ ಸರ್ಕಾರಿ ಶಾಲೆಗೆ ಟಿಸಿ, ಆಧಾರ್, ಸ್ಯಾಟ್ಸ್ ನಂಬರ್, ಮಗುವಿನ ನೋಟ್‌ಬುಕ್ ತೆಗೆದುಕೊಂಡು ಹೋಗಿ. 14 ದಾಟಿದ ಮೇಲೆ ಈ ಹಕ್ಕು ಇರುವುದಿಲ್ಲ, ಎಂಟನೆಯದರ ಸರ್ಟಿಫಿಕೇಟ್ ಇಲ್ಲದೆ ಒಂಬತ್ತಕ್ಕೆ ಸೇರಿಸುವುದು ಕಷ್ಟ. ಆದ್ದರಿಂದ ಮಗುವಿಗೆ 13 ಆಗುವ ಹೊತ್ತಿಗೆ ಅದನ್ನೇ ಕೂರಿಸಿಕೊಂಡು ಕೇಳಿ, ಎಂಟನೇ ತರಗತಿಗೆ ಶಾಲೆಗೆ ಹೋಗುತ್ತೀಯಾ, ಇಲ್ಲ ಮುಕ್ತ ಶಾಲೆಗೆ ಹೆಸರು ಹಚ್ಚೋಣವಾ ಅಂತ. ಶಾಲೆ ಅಂದರೆ, ಅದೇ ವರ್ಷ ಜೂನ್‌ನಲ್ಲಿ ಸೇರಿಸಿ.